ಹಿಡಿಯಲೊಂದು ಗಳ

ಕೊಪ್ಪದಲ್ಲಿ ಬೆಳಿಗ್ಗೆ ಶೃಂಗೇರಿ ಬಸ್ಸು ಹತ್ತಿದಾಗ ಒಂದು ಸೀಟೂ ಖಾಲಿ ಇರಲಿಲ್ಲ. ನವೆಂಬರ್ ಕೊನೆಯ ವಾರ, ಅಡಿಕೆ ಕೊಯ್ಲು ಶುರುವಾಗಿತ್ತು. ಕಾಲೇಜು ಮಕ್ಕಳು, ಕತ್ತಿಗೆ ಹಿಡಿ ಹಾಕಿಸಿಕೊಂಡು ಬಂದ ಕೊನೆಗಾರ, ಶಾರದಾಂಬೆಯ ದರ್ಶನಕ್ಕೆ ಹೊರಟ ಬಯಲುಸೀಮೆಯ ಕುಟುಂಬ, ಎಲ್ಲರೂ ಅದೇ ಬಸ್ಸಿನಲ್ಲಿದ್ದರು. ಕಂಡಕ್ಟರು ನಮ್ಮನ್ನೆಲ್ಲ ದೂಡಿಕೊಂಡೇ ಹಿಂದಕ್ಕೆ ಬಂದರು. “ಹಿಂದೆ ಹೋಗಿ ಮಾರಾಯ್ರೆ, ಹಿಂದೆ ಜಾಗ ಇದೆ. ಕಂಬಿ ಹಿಡ್ಕೊಳ್ಳಿ, ತಿರುವು ಬರ್ತದೆ.”

ನನ್ನ ಪಕ್ಕದಲ್ಲಿ ಆರನೆಯದೋ ಏಳನೆಯದೋ ಕ್ಲಾಸಿನ ಹುಡುಗಿಯೊಬ್ಬಳು ನಿಂತಿದ್ದಳು. ಮೇಲಿನ ಕಂಬಿ ಅವಳಿಗೆ ಎಟುಕುತ್ತಿರಲಿಲ್ಲ. ಮುಂದಿನ ಸೀಟಿನ ಬೆನ್ನಿಗೆ ಕೂರಿಸಿದ್ದ ಕಬ್ಬಿಣದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಸ್ವಲ್ಪ ಅಗಲಿಸಿ ನಿಂತಳು. ಮಲೆನಾಡಿನ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹರಿಹರಪುರದ ಕಡೆಗಿನ ಇಳಿಜಾರಿನ ತಿರುವಿನಲ್ಲಿ ಡ್ರೈವರು ಬ್ರೇಕು ಒತ್ತಿದಾಗ ನಿಂತವರೆಲ್ಲ ಗದ್ದೆಯ ಪೈರು ಗಾಳಿಗೆ ಬಾಗಿದಂತೆ ಬಾಗಿದೆವು. ಯಾರೂ ಯಾರ ಮೇಲೂ ಬೀಳಲಿಲ್ಲ. ಹುಡುಗಿಯ ಬೆರಳ ಗೆಣ್ಣುಗಳು ಒಂದು ಕ್ಷಣ ಬೆಳ್ಳಗಾಗಿ ಮತ್ತೆ ಕೆಂಪಾದವು. ಈ ಸಲ ಊರಿಗೆ ಬಂದಾಗ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಿತ್ತು. ಅದರ ಉತ್ತರದ ಒಂದು ತುದಿ ಆ ಪುಟ್ಟ ಕೈಗಳಲ್ಲಿ ಕಂಡಿತು.

ಈ ದಾರಿಯಲ್ಲಿ ನಿಂತೇ ಓಡಾಡಿ ಬೆಳೆದವನು ನಾನು. ಕೊಪ್ಪದ ‘ಸಹಕಾರ ಸಾರಿಗೆ’ ಬಸ್ಸುಗಳು ನಮ್ಮ ಬಾಲ್ಯದ ಭಾಗ. ಮಾಲೀಕರ ಕಂಪನಿ ಬಾಗಿಲು ಹಾಕಿದಾಗ ಕೆಲಸ ಕಳೆದುಕೊಂಡ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಸೇರಿ 1991ರಲ್ಲಿ ಕಟ್ಟಿಕೊಂಡ ಸಂಘ ಅದು. ಬೇರೆ ಬಸ್ಸು ಕಾಣದ ಎಷ್ಟೋ ಹಳ್ಳಿಗಳನ್ನು ಪೇಟೆಗೆ ಜೋಡಿಸಿ 2020ರಲ್ಲಿ ನಿಂತುಹೋಯಿತು. ಬಸ್ಸಿನೊಳಗೆ ಕೂರುವವರೆಷ್ಟು, ನಿಲ್ಲುವವರೆಷ್ಟು ಎಂದು ಬಣ್ಣದಲ್ಲಿ ಬರೆದಿರುತ್ತದಲ್ಲ, ಅದನ್ನು ಕೂಡಿಸಿ ಲೆಕ್ಕ ಕಲಿತವರು ನಾವು. ನಿಲ್ಲುವವನಿಗೂ ಟಿಕೆಟ್ಟಿದೆ, ಹಿಡಿಯಲು ಕಂಬಿಯಿದೆ, ಇಳಿಯಲು ಬಾಗಿಲಿದೆ. ಹೀಗಿರುವಾಗ ಆಟದ ಮೈದಾನದಲ್ಲಿ ನಿಲ್ಲುವವನನ್ನು ಮಾತ್ರ ತಪ್ಪು ಮಾಡಿದವನಂತೆ ಯಾಕೆ ನೋಡುತ್ತೇವೆ ಎನ್ನುವುದು ನನ್ನ ಪ್ರಶ್ನೆ.

ಅದು ಹುಟ್ಟಿದ್ದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಋತುವನ್ನು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿ, ಆಮೇಲೆ ಕಂಠೀರವಕ್ಕೆ ಬಂತು. ಅದರ ಅಭಿಮಾನಿಗಳ ಬಳಗ ‘ವೆಸ್ಟ್ ಬ್ಲಾಕ್ ಬ್ಲೂಸ್’. ಪಶ್ಚಿಮದ ಬ್ಲಾಕಿನಲ್ಲಿ ನೀಲಿ ಅಂಗಿ ತೊಟ್ಟು, ಡೋಲು ಬಡಿಯುತ್ತ, ಹಾಡುತ್ತ, ತೊಂಬತ್ತು ನಿಮಿಷವೂ ನಿಂತೇ ಆಟ ನೋಡುವವರು. ಸ್ನೇಹಿತನೊಬ್ಬ ಕರೆದುಕೊಂಡು ಹೋದ ಮೊದಲ ದಿನವೇ ನಾನೂ ಅವರ ನಡುವೆ ನಿಂತುಬಿಟ್ಟೆ. 2016ರ ಅಕ್ಟೋಬರ್ 19ರ ರಾತ್ರಿ ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಜೊಹೊರ್ ತಂಡ ಮೊದಲ ಗೋಲು ಹೊಡೆದಾಗ ಇಡೀ ಸ್ಟ್ಯಾಂಡು ಮೌನವಾಯಿತು. ಸುನಿಲ್ ಛೆಟ್ರಿ ಎರಡು, ಹುವಾನನ್ ಒಂದು ಗೋಲು ಹೊಡೆದು 3–1ರಿಂದ ಗೆದ್ದು, ಆ ಕಪ್ಪಿನ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ನಮ್ಮದಾದಾಗ, ಹೆಸರೂ ಗೊತ್ತಿಲ್ಲದ ಹತ್ತು ಜನರ ತೋಳು ನನ್ನ ಹೆಗಲ ಮೇಲಿತ್ತು. ಕುಳಿತವನಿಗೆ ಅದು ಸಿಗುವಂಥದ್ದಲ್ಲ. ಬಯಲಾಟದಲ್ಲಿ ಮಹಿಷಾಸುರ ದೊಂದಿ ಹಿಡಿದು ಜನರ ನಡುವೆ ನುಗ್ಗಿದಾಗ ಕುಳಿತವರು ಎದ್ದು ನಿಲ್ಲುತ್ತಾರಲ್ಲ, ಇದೂ ಹಾಗೆ. ಮೈಗೆ ಎಚ್ಚರ ಬಂದಾಗ ಕಾಲು ತಾನಾಗಿ ನೆಟ್ಟಗಾಗುತ್ತದೆ.

ಆದರೆ ಕೂರಲೆಂದು ಮಾಡಿದ ಜಾಗದಲ್ಲಿ ನಿಲ್ಲುವುದರಲ್ಲಿ ಅಪಾಯವಿದೆ. ಇನ್ನೊಂದು ಊರಿಗೆ ತಂಡದ ಹಿಂದೆ ಹೋಗಿದ್ದಾಗ ಅದು ನನ್ನ ಮೈಗೇ ತಟ್ಟಿತು. ಕೊನೆಯ ನಿಮಿಷದ ಗೋಲಿಗೆ ಹಿಂದಿನ ಸಾಲಿನವರು ಹಾರಿದರು, ನಾನು ಮುಗ್ಗರಿಸಿದೆ, ಮುಂದಿನ ಪ್ಲಾಸ್ಟಿಕ್ ಕುರ್ಚಿಯ ಅಂಚು ಮೊಣಕಾಲ ಕೆಳಗೆ ಕತ್ತಿಯಂತೆ ಬಡಿಯಿತು. ನನ್ನ ಮುಂದಿದ್ದ ಹುಡುಗ ಇನ್ನೂ ಎರಡು ಸಾಲು ಕೆಳಕ್ಕೆ ಉರುಳಿದ. ಹಿಡಿಯಲು ಏನೂ ಇರಲಿಲ್ಲ. ಕುರ್ಚಿಯ ಬೆನ್ನು ಮೊಣಕಾಲಿನಷ್ಟೇ ಎತ್ತರ. ಬೀಳುವವನನ್ನು ತಡೆಯುವ ಬದಲು ಮಗುಚಿಹಾಕುವ ಎತ್ತರ ಅದು.

ಆಮೇಲೆ 2025ರ ಜೂನ್ 4 ಬಂತು. ಹದಿನೆಂಟು ವರ್ಷ ಕಾದು ಐಪಿಎಲ್ ಗೆದ್ದ ಆರ್‌ಸಿಬಿಯನ್ನು ನೋಡಲು ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ಸೇರಿದರು. ಒಳಗಿನ ಜಾಗ ಮೂವತ್ತೈದು ಸಾವಿರದ ಆಸುಪಾಸು. ಗೇಟುಗಳ ಬಳಿಯ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಬಹುತೇಕ ಎಳೆಯರು. ಅವತ್ತು ರಾತ್ರಿ ಅಕ್ಕ ಕೊಪ್ಪದ ಕಡೆಯ ನಮ್ಮೂರಿನಿಂದ ಫೋನು ಮಾಡಿ, “ನೀನು ಇನ್ನು ಆ ಸ್ಟೇಡಿಯಂ ಕಡೆ ಕಾಲಿಡಬೇಡ ಮಾರಾಯ” ಎಂದು ಅತ್ತಳು. ಅವಳಿಗೆ ಏನು ಹೇಳಬೇಕೋ ತೋಚಲಿಲ್ಲ. ಆರು ತಿಂಗಳು ಬಿಟ್ಟು ಮುಖತಃ ಹೇಳೋಣವೆಂದು ಬಂದಿದ್ದೆ.

ಶೃಂಗೇರಿಯಲ್ಲಿ ಇಳಿದು ಮೊದಲು ತುಂಗೆಯ ಮೆಟ್ಟಿಲಿಗೆ ಹೋದೆ. ಮೀನುಗಳು ಮೆಟ್ಟಿಲ ಬುಡದಲ್ಲಿ ಒಂದರ ಮೇಲೊಂದು ಬಿದ್ದು ಅರಳು ತಿನ್ನುತ್ತಿದ್ದವು. ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿ ಕಂಬಗಳನ್ನು ಸುತ್ತಿ ಬಂದೆ. ಆ ಕಂಬಗಳ ನಡುವಿನ ಜಾಗ ಹದವಾಗಿದೆ: ಎಷ್ಟೇ ಜನ ಬಂದರೂ ಕಂಬಗಳು ಅವರನ್ನು ನಾಲ್ಕು ನಾಲ್ಕು ಜನರ ಗುಂಪಾಗಿ ಬಿಡಿಸಿ ಕಳಿಸುತ್ತವೆ. ಒಂದು ಮಗು ಸಿಂಹದ ಬಾಯೊಳಗಿನ ಕಲ್ಲಿನ ಗುಂಡನ್ನು ನೋಡಲು ನಿಂತುಬಿಟ್ಟಿತು. ಹಿಂದಿನವರು ಕಂಬದ ಆಚೆ ಬದಿಯಿಂದ ಸರಿದು ಹೋದರು.

ಶಾರದಾಂಬೆಯ ಸನ್ನಿಧಿಯಲ್ಲಿ ಸಾಲು ಉದ್ದವಿತ್ತು. ಮಂಗಳಾರತಿಯ ಗಂಟೆ ಕೇಳಿಸಿದ ಕೂಡಲೇ ಹಿಂದಿದ್ದವರೆಲ್ಲ ಅರ್ಧ ಹೆಜ್ಜೆ ಮುಂದಾದರು. ಯಾರಿಗೂ ಯಾರನ್ನೂ ನೂಕುವ ಮನಸ್ಸಿರಲಿಲ್ಲ. ಆ ಅರ್ಧರ್ಧ ಹೆಜ್ಜೆಗಳೆಲ್ಲ ಕೂಡಿ ಮುಂದಿದ್ದ ಅಜ್ಜಿಯ ಬೆನ್ನಿಗೆ ಬಂದು ಮುಟ್ಟಿದವು. ಅವರು ಪಕ್ಕದ ಸ್ಟೀಲಿನ ಕಂಬಿಗೆ ಕೈ ಊರಿ, ತಲೆ ತಿರುಗಿಸದೆ, ಕಣ್ಣು ಆರತಿಯ ಮೇಲೇ ಇಟ್ಟು ನಿಂತರು. ಹಿಂದಿರುವವನ ಭಕ್ತಿ ಮುಂದಿರುವವನ ಮೈಮೇಲೆ ಭಾರವಾಗುತ್ತದೆ. ಅದು ಹಿಂದಿನವನಿಗೆ ಗೊತ್ತೇ ಆಗುವುದಿಲ್ಲ.

ಇಂಗ್ಲೆಂಡಿನ ಶೆಫೀಲ್ಡ್‌ನ ಹಿಲ್ಸ್‌ಬರೋದಲ್ಲಿ 1989ರ ಏಪ್ರಿಲ್ 15ರಂದು ಆದದ್ದೂ ಹೀಗೆಯೇ. ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಗಳ ಪಂದ್ಯ. ಹೊರಗೆ ಜನ ಹೆಚ್ಚಾದರೆಂದು ಪೊಲೀಸರು ದೊಡ್ಡ ಗೇಟು ತೆಗೆಸಿದರು. ಒಳಬಂದವರಿಗೆ ಎದುರಿಗೆ ಕಂಡದ್ದು ಒಂದೇ ಸುರಂಗದಾರಿ. ಅದು ಹೋಗಿ ಸೇರುತ್ತಿದ್ದದ್ದು ಆಗಲೇ ತುಂಬಿಹೋಗಿದ್ದ ನಡುವಿನ ಕಟಕಟೆಗೆ. ಪಕ್ಕದ ಕಟಕಟೆಗಳಲ್ಲಿ ಜಾಗವಿತ್ತು, ಆ ಕಡೆ ಹೋಗಿ ಎನ್ನುವವರು ಯಾರೂ ಇರಲಿಲ್ಲ. ಮುಂದೆ ಎತ್ತರದ ಬೇಲಿ. 97 ಜೀವಗಳು ಹೋದವು. ನ್ಯಾಯಮೂರ್ತಿ ಟೇಲರ್ ಅವರ 1990ರ ವರದಿಯ ನಂತರ ಮೇಲಿನ ಎರಡು ದರ್ಜೆಗಳ ಕ್ರೀಡಾಂಗಣಗಳಲ್ಲಿ ನಿಲ್ಲುವ ಜಾಗಗಳನ್ನೇ ತೆಗೆದು ಎಲ್ಲ ಕಡೆ ಕುರ್ಚಿ ಹಾಕಿಸಿದರು. ಅಭಿಮಾನಿಗಳೇ ಕುಡಿದು ನುಗ್ಗಿದರು ಎಂಬ ಕಳಂಕ ಮಾತ್ರ ಬಹಳ ವರ್ಷ ಉಳಿಯಿತು. ಸತ್ತವರ ಮನೆಯವರು ಬಿಡದೆ ಹೋರಾಡಿದರು. 2016ರಲ್ಲಿ ತನಿಖಾ ಜ್ಯೂರಿ ಅಭಿಮಾನಿಗಳದ್ದು ತಪ್ಪಿಲ್ಲ, ಇದು ಕಾನೂನುಬಾಹಿರ ಹತ್ಯೆ ಎಂದು ಹೇಳಿತು. ಅಷ್ಟು ಹೊತ್ತಿಗೆ ಇಪ್ಪತ್ತೇಳು ವರ್ಷ ಕಳೆದಿತ್ತು.

ನಮ್ಮ ದೇಶಕ್ಕೂ ಇದು ಹೊಸತಲ್ಲ. 1980ರ ಆಗಸ್ಟ್ 16ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್–ಈಸ್ಟ್ ಬೆಂಗಾಲ್ ಪಂದ್ಯದ ದಿನ 16 ಅಭಿಮಾನಿಗಳು ಸತ್ತರು. ಬಂಗಾಳದಲ್ಲಿ ಇವತ್ತಿಗೂ ಆ ದಿನ ಅವರ ನೆನಪಿನಲ್ಲಿ ರಕ್ತದಾನ ನಡೆಯುತ್ತದೆ.

ಮಧ್ಯಾಹ್ನ ಮಠದಲ್ಲಿ ಊಟ ಮುಗಿಸಿ, ಬಂದ ದಾರಿಯಲ್ಲೇ ಹಿಂತಿರುಗಿ ಅಕ್ಕನ ಮನೆಗೆ ಹೋದೆ. ಬಸ್ಸಿಳಿದು ಮುಕ್ಕಾಲು ಮೈಲಿ ನಡೆಯಬೇಕು. ಮೊದಲು ತಡಬೆ: ಮನುಷ್ಯ ಹತ್ತಿ ದಾಟಬಹುದು, ದನ ದಾಟಲಾರದು. ಅದರಾಚೆ ಗಾಡಿ ಹೋಗಲು ಉಣುಗೋಲು: ಎರಡು ಕಂಬಗಳ ತೂತಿಗೆ ಅಡ್ಡ ತೂರಿಸಿದ ಗಳಗಳು, ಬೇಕಾದಾಗ ಎಳೆದರೆ ದಾರಿ ಪೂರಾ ತೆರೆಯುತ್ತದೆ. ಯಾರು ಹೋಗಬೇಕು, ಎಷ್ಟು ಹೋಗಬೇಕು, ಅವಸರಕ್ಕೆ ಹೇಗೆ ತೆರೆಯಬೇಕು ಎಂದು ಯೋಚಿಸಿಯೇ ಹಿರಿಯರು ಒಂದು ಬೇಲಿಗೆ ಎರಡು ಬಗೆಯ ಬಾಗಿಲು ಮಾಡಿದ್ದರು. ಚಿಕ್ಕಂದಿನಿಂದ ನೂರಾರು ಸಲ ದಾಟಿದ ತಡಬೆಯ ಮೇಲೆ ಆ ದಿನ ಸ್ವಲ್ಪ ಹೊತ್ತು ಕುಳಿತೆ.

ಆಮೇಲೆ ಹಳ್ಳದ ಸಂಕ. ಮಳೆಗಾಲದಲ್ಲಿ ಮಲೆನಾಡಿನ ಮಕ್ಕಳು ಶಾಲೆಗೆ ಹೋಗುವುದು ಇಂಥ ಕಾಲುಸಂಕಗಳ ಮೇಲೆ. ಕಾಲು ಜಾರಿದರೆ ಮಗು ಕೆಂಪುನೀರಿನ ಪಾಲು. ಭಾವ ಪ್ರತಿ ವರ್ಷ ಮೇ ತಿಂಗಳಲ್ಲಿ ಅಡಿಕೆ ದಬ್ಬೆ ಬದಲಿಸಿ, ಒಂದು ಬದಿಗೆ ಬಿದಿರಿನ ಗಳ ಕಟ್ಟುತ್ತಾರೆ. ಕತ್ತಲಾಗುವ ಮುಂಚೆ ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದ ಅವರು ಸಂಕದ ನಡುವೆ ನಿಂತರು. ಗಳದ ಎತ್ತರ ಎಷ್ಟಿರಬೇಕು ಎಂದು ಕೇಳಿದೆ. “ಸೊಂಟಕ್ಕೆ ಇರಬೇಕು. ಮೊಣಕಾಲಿಗೆ ಕಟ್ಟಿದರೆ ಮಗುಚಿ ಬೀಳ್ತಾರೆ. ಎದೆಮಟ್ಟಕ್ಕೆ ಕಟ್ಟಿದರೆ ಹಿಡಿಯೋಕೆ ಹೋಗಿ ಕಾಲು ತಪ್ಪತ್ತೆ. ಮತ್ತೆ ನಡುವೆ ತುಂಡಾಗಿರಬಾರದು, ಈ ದಡದಿಂದ ಆ ದಡದವರೆಗೆ ಒಂದೇ ಸಮ ಇರಬೇಕು. ಬಿಟ್ಟು ಹಿಡಿಯೋ ಜಾಗದಲ್ಲೇ ಬೀಳೋದು.” ಅವರು ಗಳವನ್ನು ಅಲ್ಲಾಡಿಸಿ ನೋಡಿ, ಸಡಿಲವಾಗಿದ್ದ ಒಂದು ಬಿಗಿತಕ್ಕೆ ಅಲ್ಲೇ ಬಳ್ಳಿ ಕಿತ್ತು ಸುತ್ತಿದರು.

ರಾತ್ರಿ ಅಂಗಳದಲ್ಲಿ ಅಡಿಕೆ ಸುಲಿಯುವವರು ಸಾಲಾಗಿ ಕುಳಿತಿದ್ದರು. ಬೇಯುತ್ತಿದ್ದ ಅಡಿಕೆಯ ಚೊಗರಿನ ವಾಸನೆ ತುಂಬಿತ್ತು. ಇದ್ದಿಲಿನ ಚೂರಿನಿಂದ ನೆಲದ ಮೇಲೆ ಗೆರೆ ಎಳೆದು ಭಾವನಿಗೆ ತೋರಿಸಿದೆ. ಜರ್ಮನಿಯ ಎಷ್ಟೋ ಕ್ರೀಡಾಂಗಣಗಳಲ್ಲಿ ಹೀಗೆ ಮಾಡುತ್ತಾರೆ: ಪ್ರತಿ ಮೆಟ್ಟಿಲ ಸಾಲಿಗೂ ಸೊಂಟದ ಎತ್ತರಕ್ಕೆ ಗಟ್ಟಿ ಉಕ್ಕಿನ ಕಂಬಿ, ಈ ತುದಿಯಿಂದ ಆ ತುದಿವರೆಗೆ. ಕಂಬಿಯ ನಡುವೆ ಮಡಚುವ ಸೀಟು. ನಿಲ್ಲುವ ದಿನ ಸೀಟನ್ನು ಮೇಲಕ್ಕೆ ಮಡಚಿ ಬೀಗ ಹಾಕುತ್ತಾರೆ, ಕೂರಬೇಕಾದ ಪಂದ್ಯಕ್ಕೆ ಬಿಚ್ಚುತ್ತಾರೆ. ಗೋಲಾದಾಗ ಹಿಂದಿನವನು ಎಷ್ಟೇ ಹಾರಿದರೂ ಅವನ ಭಾರ ಅವನ ಮುಂದಿನ ಕಂಬಿಗೆ ಬೀಳುತ್ತದೆ, ಕೆಳಗಿನ ಸಾಲಿನವನ ಬೆನ್ನಿಗಲ್ಲ. ಡಾರ್ಟ್‌ಮಂಡ್‌ನ ದಕ್ಷಿಣ ಸ್ಟ್ಯಾಂಡಿನಲ್ಲಿ ಸುಮಾರು ಇಪ್ಪತ್ತೈದು ಸಾವಿರ ಜನ ನಿಂತು ನೋಡುತ್ತಾರೆ. ಅದಕ್ಕೆ ‘ಹಳದಿ ಗೋಡೆ’ ಎಂದೇ ಹೆಸರು. ಸ್ಕಾಟ್ಲೆಂಡಿನ ಸೆಲ್ಟಿಕ್ ಕ್ಲಬ್ 2016ರಲ್ಲಿ ಇಂಥ ಕಂಬಿ ಸೀಟು ಹಾಕಿಸಿತು. ಕೊನೆಗೆ ಇಂಗ್ಲೆಂಡಿನಲ್ಲೂ 2022ರ ಜನವರಿ 2ರಂದು ಚೆಲ್ಸಿ–ಲಿವರ್‌ಪೂಲ್ ಪಂದ್ಯದಲ್ಲಿ ಜನ ಕಾನೂನಿನ ಒಪ್ಪಿಗೆಯಿಂದಲೇ ನಿಂತು ನೋಡಿದರು. ಹಿಲ್ಸ್‌ಬರೋದಲ್ಲಿ ತನ್ನವರನ್ನು ಕಳೆದುಕೊಂಡ ಊರಿನ ತಂಡವೇ ಅಂದು ಎದುರಾಳಿಯಾಗಿತ್ತು.

ಭಾವ ಇದ್ದಿಲಿನ ಗೆರೆಗಳನ್ನು ಬಗ್ಗಿ ನೋಡಿದರು. “ಒಂದು ಸೀಟಿನ ಜಾಗದಲ್ಲಿ ಎಷ್ಟು ಜನ?”

“ಇಂಗ್ಲೆಂಡಿನಲ್ಲಿ ಒಬ್ಬರೇ. ಟಿಕೆಟ್ಟಿಗೆ ನಂಬರಿರುತ್ತೆ.”

“ಹಾಗಾದ್ರೆ ಸರಿ. ಜಾಗ ಇದೆ ಅಂತ ಇಬ್ಬರನ್ನು ನುಗ್ಗಿಸಿದರೆ ಕಂಬಿ ಇದ್ದೂ ಪ್ರಯೋಜನ ಇಲ್ಲ.” ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, “ಗಿಡ್ಡ ಇರೋರು, ವಯಸ್ಸಾದೋರು ಏನು ಮಾಡ್ತಾರೆ?”

ಒಳ್ಳೆಯ ಪ್ರಶ್ನೆ. ನಿಲ್ಲುವವರು ಎಲ್ಲೆಂದರಲ್ಲಿ ನಿಂತರೆ ಕೂರಬೇಕಾದವರ ಕಣ್ಣಿಗೆ ಬರೀ ಬೆನ್ನುಗಳು. ಅದಕ್ಕೇ ನಿಲ್ಲುವುದಕ್ಕೆ ಬೇರೆ ಭಾಗವೇ ಬೇಕು. ಕೂರುವವರು ನೆಮ್ಮದಿಯಿಂದ ಕೂರಲಿ, ಮಕ್ಕಳ ಜೊತೆ ಬಂದವರು ತಮಗೆ ಬೇಕಾದ ಕಡೆ ಇರಲಿ, ಹಾಡುವವರು ತಮ್ಮ ಮೂಲೆಯಲ್ಲಿ ನಿಂತು ಹಾಡಲಿ. ಒಬ್ಬರ ಸಂತೋಷ ಇನ್ನೊಬ್ಬರಿಗೆ ತೊಂದರೆಯಾಗದಿರುವುದಕ್ಕೆ ಇದು ದಾರಿ.

ಅಷ್ಟರಲ್ಲಿ ಅಕ್ಕ, “ಆ ಗ್ಯಾಲರಿ ಬಿದ್ದದ್ದು ನೆನಪಿದೆಯಾ?” ಎಂದಳು. ನೆನಪಿಲ್ಲದೆ ಏನು! ನನಗಾಗ ಹನ್ನೊಂದು ವರ್ಷ. ಪಕ್ಕದ ಹಳ್ಳಿಯೊಂದರಲ್ಲಿ ಹೊನಲು ಬೆಳಕಿನ ವಾಲಿಬಾಲ್. ಮನೆಮನೆಯ ತೋಟದಿಂದ ಅಡಿಕೆ ಮರ ಕಡಿದು ತಂದು, ಹಗ್ಗ ಬಿಗಿದು ಗ್ಯಾಲರಿ ಕಟ್ಟಿದ್ದರು. ಕೊನೆಯ ಸೆಟ್ಟಿನಲ್ಲಿ ಎಲ್ಲರೂ ಒಮ್ಮೆಲೇ ಎದ್ದು ನಿಂತರು. ಮೊದಲು ಹಗ್ಗ ನರಳಿದ ಸದ್ದು, ಆಮೇಲೆ ಒಂದು ‘ಲಟ್’. ನಾನು ಬಿದ್ದದ್ದು ಹುಲ್ಲಿನ ಮೇಲೆ. ಪಕ್ಕದ ಮನೆಯ ಅಣ್ಣನ ಕಾಲಿನ ಮೇಲೆ ಮರ ಬಿತ್ತು. ಅವನು ಇವತ್ತಿಗೂ ಕುಂಟುತ್ತಾನೆ. “ಹಸಿ ಮರಕ್ಕೆ ಕಟ್ಟಿದ ಹಗ್ಗ ಮರ ಒಣಗಿದ ಮೇಲೆ ಸಡಿಲ ಆಗತ್ತೆ. ಮೂರು ದಿನ ಬಿಟ್ಟು ಮತ್ತೆ ಬಿಗೀಬೇಕಿತ್ತು. ಯಾರೂ ನೋಡ್ಲಿಲ್ಲ” ಎಂದರು ಭಾವ. ಊರಿನವರು ಆಗ ಹೇಳಿದ್ದು ಮಾತ್ರ ಬೇರೆ: ಹುಡುಗರು ಎದ್ದು ಕುಣಿದದ್ದೇ ತಪ್ಪು.

ಮರುದಿನ ಭಾನುವಾರ, ನರಸಿಂಹರಾಜಪುರಕ್ಕೆ ಹೋದೆ. ಎಡೇಹಳ್ಳಿ ಎಂದಿದ್ದ ಈ ಊರಿಗೆ ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರಿಟ್ಟರು. ಕಂಠೀರವ ಎಂದರೆ ಸಾಕು, ನನ್ನ ಕಿವಿಯಲ್ಲಿ ಪಶ್ಚಿಮ ಬ್ಲಾಕಿನ ಡೋಲು ಶುರುವಾಗುತ್ತದೆ. ಸಿಂಹನಗದ್ದೆ ಬಸ್ತಿಯ ಜ್ವಾಲಾಮಾಲಿನಿಗೆ ಕೈಮುಗಿದು, ಭದ್ರೆಯ ಹಿನ್ನೀರು ನೋಡಿ, ಪೇಟೆಯ ಹೊರಗಿನ ಒಂದು ಚಹಾದಂಗಡಿಗೆ ಬಂದೆ. ಎರಡು ಮೂರು ತಲೆಮಾರಿನ ಹಿಂದೆ ಕೇರಳದಿಂದ ಬಂದು ರಬ್ಬರು, ಮೆಣಸು ಬೆಳೆದ ಕುಟುಂಬಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಅಂಗಡಿಯ ಚೇಟನೂ ಅಂಥವರೇ. ಹಿಂದಿನ ಮೈದಾನದಲ್ಲಿ ಹುಡುಗರು ಫುಟ್‌ಬಾಲ್ ಆಡುತ್ತಿದ್ದರು, ಮುಂದಿನ ವಾರದ ಸೆವೆನ್ಸ್ ಪಂದ್ಯಕ್ಕೆ ತಯಾರಿ. ತಂಡಕ್ಕೆ ಏಳೇ ಜನರ ಈ ಆಟ ಮಲಬಾರಿನ ಉಸಿರು. ಸುಗ್ಗಿ ಮುಗಿದ ಗದ್ದೆಯಲ್ಲಿ ಗ್ಯಾಲರಿ ಕಟ್ಟಿ, ರಾತ್ರಿ ದೀಪದಲ್ಲಿ ಸಾವಿರಾರು ಜನ ನೋಡುವಂಥದ್ದು.

ಚೇಟ ಚಹಾ ಎತ್ತಿ ಹುಯ್ಯುತ್ತ ಪಾಲಕ್ಕಾಡಿನ ವಿಷಯ ತೆಗೆದರು. ಮೈದಾನದಲ್ಲೇ ಕುಸಿದು ತೀರಿಕೊಂಡ ಆಟಗಾರ ಧನರಾಜನ್ ಅವರ ಮನೆಯವರಿಗೆ ನೆರವಾಗಲೆಂದು 2020ರ ಜನವರಿಯಲ್ಲಿ ಅಲ್ಲಿ ಒಂದು ಪಂದ್ಯ ಇಟ್ಟಿದ್ದರು. ಭೈಚುಂಗ್ ಭುಟಿಯಾ, ಐ.ಎಂ. ವಿಜಯನ್ ಬಂದಿದ್ದರು. ಆಟ ಶುರುವಾಗುವ ಮುಂಚೆಯೇ ತಾತ್ಕಾಲಿಕ ಗ್ಯಾಲರಿ ಕುಸಿದು ಹತ್ತಾರು ಜನ ಗಾಯಗೊಂಡರು. “ಒಳ್ಳೇ ಕೆಲಸಕ್ಕೆ ಬಂದವರು ಸಾರ್, ಎಲ್ಲರೂ” ಎಂದು ಅವರು ಲೋಟ ಕೆಳಗಿಟ್ಟರು.

ಒಳ್ಳೆಯ ಕೆಲಸಕ್ಕೆ ಬಂದವರೇ ಎಲ್ಲ ಕಡೆಯೂ. ಆರತಿ ನೋಡಲು ಬಂದವರು, ಕಪ್ಪು ನೋಡಲು ಬಂದವರು. ಜೂನ್ 4ರಂದು ಸತ್ತವರು ಸ್ಟ್ಯಾಂಡಿನೊಳಗೆ ನಿಂತವರಲ್ಲ, ಗೇಟಿನ ಹೊರಗೆ ಸಿಕ್ಕಿಕೊಂಡವರು. ಒಳಗೆ ಎಷ್ಟು ಕಂಬಿ ಹಾಕಿದ್ದರೂ ಅವರನ್ನು ಉಳಿಸುತ್ತಿರಲಿಲ್ಲ ಎಂಬುದು ನನಗೆ ಗೊತ್ತು. ಆದರೆ ಎರಡರ ಬೇರೂ ಒಂದೇ. ಬರುವವರನ್ನು ಎಣಿಸಬೇಕು, ಯಾವ ದಾರಿ ಎಂದು ಮೊದಲೇ ಹೇಳಬೇಕು, ಹೊರಹೋಗುವ ಬಾಗಿಲು ತೆರೆದಿರಬೇಕು, ಹಿಡಿಯಲು ಏನಾದರೂ ಇರಬೇಕು. ಇದನ್ನು ಮಾಡಬೇಕಾದವರು ಮಾಡದೆ ಬಿಟ್ಟು, ಆಮೇಲೆ ಜನರ ಉತ್ಸಾಹವನ್ನು ದೂರುವುದನ್ನು ನಾನು ಒಪ್ಪಲಾರೆ. ಸರ್ಕಾರ ಆ ವರ್ಷವೇ ಜನಸಂದಣಿ ನಿಯಂತ್ರಣದ ಮಸೂದೆ ತಂದಿದೆ. ಆ ಕಾನೂನು ಬರೀ ತಡೆಯುವ ಕಾನೂನಾಗದಿರಲಿ. ಜನ ಸೇರುವ ಆಸೆಗೆ ಭದ್ರವಾದ ಜಾಗ ಕಟ್ಟಿಕೊಡುವುದೂ ಅದರೊಳಗೆ ಬರಲಿ. ಕಂಠೀರವದ ಪಶ್ಚಿಮದಲ್ಲಿ ಹಾಡುವ ಮಕ್ಕಳಿಗೆ ಒಂದೊಂದು ಸಾಲಿಗೆ ಒಂದೊಂದು ಕಂಬಿ ಎಂದಾದರೂ ಬಂದೀತೆಂದು ನಾನು ಕಾಯುತ್ತಿದ್ದೇನೆ.

ಸಂಜೆ ಮೈದಾನಕ್ಕೆ ಹೋದೆ. ಮುಂದಿನ ವಾರಕ್ಕೆಂದು ಅಡಿಕೆ ಮರ, ಬಿದಿರು, ಹಗ್ಗದ ಸುರುಳಿ ರಾಶಿ ಬಿದ್ದಿದ್ದವು. ಗ್ಯಾಲರಿ ಬೇಡವೆಂದು ಹುಡುಗರೇ ತೀರ್ಮಾನಿಸಿದ್ದರು. ನೆಲದ ಮೇಲೇ ನಿಲ್ಲುವುದು, ದಿಬ್ಬದ ಇಳಿಜಾರು ಇದೆ. ಇಳಿಜಾರಿಗೆ ಅಡ್ಡಲಾಗಿ ಮೂರು ಸಾಲು ಗೂಟ ಹೊಡೆದು ಗಳ ಕಟ್ಟುತ್ತಿದ್ದರು. ಒಬ್ಬ ಹುಡುಗ ಗಳವನ್ನು ಎದೆಮಟ್ಟಕ್ಕೆ ಹಿಡಿದಿದ್ದ. “ಸೊಂಟಕ್ಕೆ ಕಟ್ಟಪ್ಪ” ಎಂದೆ. ಯಾಕೆಂದು ಕೇಳಿದ. ಭಾವ ಹೇಳಿದ್ದನ್ನೇ ಹೇಳಿದೆ. ಅವನು ಗಳ ಇಳಿಸಿ, ತಾನೇ ಅದರ ಹಿಂದೆ ನಿಂತು, ಗೋಲು ಬಿದ್ದಾಗಿನಂತೆ ಜೋರಾಗಿ ಮುಂದಕ್ಕೆ ಹಾರಿ ನೋಡಿದ. ಗಳ ಅವನ ಹೊಟ್ಟೆಗೆ ತಾಗಿ ಹಿಡಿದು ನಿಲ್ಲಿಸಿತು. “ಸರಿ ಇದೆ” ಎಂದು ಗೆಳೆಯನ ಕಡೆ ತಿರುಗಿ, ಈ ತುದಿಯ ಎರಡು ಗೂಟ ಕೀಳಲು ಹೇಳಿದ. ಯಾರಿಗಾದರೂ ತಲೆ ಸುತ್ತಿದರೆ ಎತ್ತಿಕೊಂಡು ಹೋಗಲು ದಾರಿ ಬೇಕಲ್ಲ ಎಂದ. ಅದನ್ನು ನಾನು ಹೇಳಿರಲಿಲ್ಲ.

ಕೊಪ್ಪದ ಬಸ್ಸು ಬಂತು. ಮತ್ತೆ ಸೀಟಿರಲಿಲ್ಲ. ಕಂಬಿ ಹಿಡಿದು ನಿಂತು ಅಕ್ಕನಿಗೆ ಫೋನು ಮಾಡಿದೆ. ಮುಂದಿನ ಸಲ ಬೆಂಗಳೂರಿಗೆ ಬಂದಾಗ ನನ್ನ ಜೊತೆ ಒಂದು ಪಂದ್ಯಕ್ಕೆ ಬಾ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಿಡ್ಕೊಳೋಕೆ ಏನಾದ್ರೂ ಇದ್ರೆ ಬರ್ತೀನಿ” ಎಂದಳು.